ಚಿತ್ರವನ್ನೂ ‘ಬರೆಯುವ’ ಭಾಷೆ: ಬೇಸಿಗೆ ರಜೆಯಲ್ಲಿ ಚಿತ್ರಶಾಲೆಗಳ ಸಂದರ್ಶನ

ಪ್ರವೇಶ



ವಾರ್ಷಿಕ ಪರೀಕ್ಷೆಗಳು ಮುಗಿಯುತ್ತಲೇ ಉದಕಮಂಡಲದಲ್ಲಿ ‘ಸೀಸನ್’ ಆರಂಭವಾಗುತ್ತದೆ. ಮೇ ತಿಂಗಳ ಪುಷ್ಪ ಪ್ರದರ್ಶನಕ್ಕೆಂದು ಹೊರಗಿನವರು ತಂಡೋಪತಂಡವಾಗಿ ಬೆಟ್ಟ ಹತ್ತುತ್ತಾರೆ. ಅದೇ ಅವಧಿಯಲ್ಲಿ ನಮ್ಮ ಕನ್ನಡ ಕಲಿಯುವ ಮಕ್ಕಳು ಪುಸ್ತಕವನ್ನು ಕಟ್ಟಿ ಅಟ್ಟಕ್ಕೆ ಹಾಕಿರುತ್ತಾರೆ. ತಮಿಳು ಮತ್ತು ಇಂಗ್ಲಿಷುಗಳ ನಡುವೆ ಕನ್ನಡಕ್ಕೆ ವರ್ಷವಿಡೀ ದೊರೆಯುವ ಅವಧಿಯೇ ಅಲ್ಪ; ರಜೆಯಲ್ಲಿ ಅದೂ ಇಲ್ಲ. ಜೂನ್ ತಿಂಗಳಲ್ಲಿ ಮಕ್ಕಳು ಮರಳಿ ಬಂದಾಗ ಒತ್ತಕ್ಷರಗಳು ಮರೆತಿರುತ್ತವೆ. ಅದಕ್ಕಿಂತ ಹೆಚ್ಚಾಗಿ, ಕಂಡದ್ದನ್ನು ಕನ್ನಡದಲ್ಲಿ ಹೇಳುವ ಧೈರ್ಯವೇ ಕುಗ್ಗಿರುತ್ತದೆ.

ಹಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಮಸಿನಗುಡಿ ಭಾಗದ ಮೂವತ್ತು ಮಕ್ಕಳೊಡನೆ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿದ್ದೆ. ಒಂದೂವರೆ ಗಂಟೆಯಲ್ಲಿ ಎಲ್ಲ ಕೋಣೆಗಳನ್ನೂ ತೋರಿಸಿದೆನೆಂಬ ತೃಪ್ತಿ ನನ್ನದಾಗಿತ್ತು. ಮರುದಿನ ಮಕ್ಕಳು ಬರೆದ ಪ್ರಬಂಧಗಳನ್ನು ಓದಿದಾಗ ಆ ತೃಪ್ತಿ ಉಳಿಯಲಿಲ್ಲ. ‘ಚಿತ್ರಗಳು ತುಂಬಾ ಚೆನ್ನಾಗಿದ್ದವು’ ಎಂಬ ಒಂದೇ ವಾಕ್ಯವನ್ನು ಬಹುತೇಕ ಎಲ್ಲರೂ ಬರೆದಿದ್ದರು. ಒಬ್ಬ ಹುಡುಗ ಮಾತ್ರ, ದೀಪ ಹಿಡಿದ ಹೆಂಗಸಿನ ಚಿತ್ರದಲ್ಲಿ ಬೆಳಕು ಆಕೆಯ ಬೆರಳುಗಳ ಸಂದಿಯಲ್ಲಿ ಕೆಂಪಾಗಿ ಕಾಣುವುದೆಂದೂ, ತಾನು ಮನೆಯಲ್ಲಿ ಟಾರ್ಚನ್ನು ಅಂಗೈಯಿಂದ ಮುಚ್ಚಿದಾಗಲೂ ಹಾಗೆಯೇ ಕಾಣುವುದೆಂದೂ ಬರೆದಿದ್ದ. ವಿಚಾರಿಸಿದಾಗ ತಿಳಿಯಿತು: ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿ ಅವನು ಹಿಂದೆ ಉಳಿದಿದ್ದ. ಅದನ್ನು ಸರಿಪಡಿಸಿಕೊಳ್ಳುವಷ್ಟು ಹೊತ್ತು ಆ ಒಂದು ಚಿತ್ರದ ಮುಂದೆಯೇ ನಿಂತಿದ್ದ.

ತಪ್ಪು ಮಕ್ಕಳದಲ್ಲ, ಅವಸರಪಡಿಸಿದ ನನ್ನದು. ನಿಂತು ನೋಡಲು ಅವಕಾಶ ದೊರೆತ ಮಗುವಿಗೆ ಭಾಷೆಯೂ ದೊರೆಯಿತು. ಈ ಪಾಠದ ತಿರುಳು ಇಷ್ಟೇ: ಚಿತ್ರಶಾಲೆಯ ಸಂದರ್ಶನವನ್ನು ಕನ್ನಡದ ತರಗತಿಯನ್ನಾಗಿ ಮಾಡಬಹುದು, ಆದರೆ ಹಲವು ಚಿತ್ರಗಳನ್ನು ತೋರಿಸುವುದಕ್ಕಿಂತ ಒಂದು ಚಿತ್ರದ ಮುಂದೆ ಮಗುವನ್ನು ನಿಲ್ಲಿಸುವುದು ಮುಖ್ಯ.

ಉದ್ದೇಶಗಳು

ಈ ಪಾಠದ ಕೊನೆಯಲ್ಲಿ ವಿದ್ಯಾರ್ಥಿಯು:
1. ತಾನು ಕಂಡ ಒಂದು ಕಲಾಕೃತಿಯನ್ನು ಐದರಿಂದ ಎಂಟು ವಾಕ್ಯಗಳಲ್ಲಿ ಕನ್ನಡದಲ್ಲಿ ವರ್ಣಿಸಬಲ್ಲನು.
2. ಬಣ್ಣ, ಬೆಳಕು, ದೂರಗಳನ್ನು ಸೂಚಿಸುವ ಪದಗಳನ್ನು ಸಂದರ್ಭೋಚಿತವಾಗಿ ಬಳಸಬಲ್ಲನು.
3. ತನ್ನ ಊರು, ಬೆಟ್ಟ, ಮನೆಗಳೂ ಕಲೆಗೆ ವಸ್ತುವಾಗಬಲ್ಲವೆಂಬುದನ್ನು ಅರಿಯುವನು.

1. ‘ಬರೆ’ ಎಂಬ ಧಾತು

ಸಂದರ್ಶನಕ್ಕೆ ಮೊದಲೇ ತರಗತಿಯಲ್ಲಿ ಈ ಚರ್ಚೆಯನ್ನು ಆರಂಭಿಸಬಹುದು. ನಾವು ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ತಮಿಳಿನಲ್ಲಿ ಇಂದು ಬರೆಯುವುದಕ್ಕೆ ‘ಎಳುದು’, ಚಿತ್ರ ಬಿಡಿಸುವುದಕ್ಕೆ ‘ವರೈ’ ಎಂಬ ಬೇರೆ ಬೇರೆ ಪದಗಳು ಬಳಕೆಯಲ್ಲಿವೆ. ತಮಿಳಿನ ಪದಾದಿಯ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವುದನ್ನು ಮಕ್ಕಳು ‘ವಾ–ಬಾ’ ಜೋಡಿಯಲ್ಲಿ ದಿನನಿತ್ಯ ಕೇಳುತ್ತಾರೆ. ‘ವರೈ–ಬರೆ’ ಎಂಬುದೂ ಅಂಥದೇ ಜೋಡಿ. ತಮಿಳಿನಲ್ಲಿ ಚಿತ್ರಕ್ಕೆ ಮೀಸಲಾದ ಪದವೇ ಕನ್ನಡದಲ್ಲಿ ಅಕ್ಷರಕ್ಕೂ ಆಗಿಬಂದಿದೆ. ಎರಡು ಭಾಷೆಗಳನ್ನು ಬಲ್ಲ ನಮ್ಮ ಮಕ್ಕಳಿಗೆ ಈ ಹೋಲಿಕೆ ತಾನೇ ತಾನಾಗಿ ಹೊಳೆಯುತ್ತದೆ. ಒಂದು ಭಾಷೆ ಇನ್ನೊಂದಕ್ಕೆ ಅಡ್ಡಿಯಲ್ಲ, ಬೆಳಕು ಎಂಬುದನ್ನು ಮನಗಾಣಿಸಲು ಇದಕ್ಕಿಂತ ಸುಲಭವಾದ ಉದಾಹರಣೆ ಬೇಡ.

2. ನಮ್ಮ ಜಿಲ್ಲೆಯಲ್ಲಿ ನೋಡಬೇಕಾದುವು

ನೀಲಗಿರಿಯಲ್ಲಿ ಕಲೆಯು ಒಂದೇ ದೊಡ್ಡ ಕಟ್ಟಡದಲ್ಲಿ ಸಂಗ್ರಹವಾಗಿಲ್ಲ. ಗೋಡೆಯ ಮೇಲೆ, ಬಟ್ಟೆಯ ಮೇಲೆ, ಬಂಡೆಯ ಮೇಲೆ ಹರಡಿಕೊಂಡಿದೆ. ಉದಕಮಂಡಲದ ಸರ್ಕಾರಿ ವಸ್ತುಸಂಗ್ರಹಾಲಯ ಮತ್ತು ಪಟ್ಟಣದ ಹೊರವಲಯದ ಮುತ್ತೊರೈ ಪಾಲಾಡದಲ್ಲಿರುವ ಬುಡಕಟ್ಟು ಸಂಶೋಧನ ಕೇಂದ್ರದ ವಸ್ತುಸಂಗ್ರಹಾಲಯ, ಇವೆರಡು ಮೊದಲ ಸಂದರ್ಶನಕ್ಕೆ ತಕ್ಕ ಸ್ಥಳಗಳು. ಬೆಟ್ಟದ ಜನರ ಬದುಕಿನ ವಸ್ತುಗಳನ್ನು ಇಲ್ಲಿ ಹತ್ತಿರದಿಂದ ನೋಡಬಹುದು.

ಕೋತಗಿರಿ ಸಮೀಪದ ವೆಳ್ಳರಿಕೊಂಬೈ ಹಳ್ಳಿಯು ಆಲು ಕುರುಂಬರ ಚಿತ್ರಕಲೆಗೆ ಹೆಸರಾಗಿದೆ. ಹಬ್ಬ ಹರಿದಿನಗಳಲ್ಲಿ ಗುಡಿ ಮತ್ತು ಮನೆಗಳ ಗೋಡೆಗಳ ಮೇಲೆ ಚಿತ್ರ ಬರೆಯುವುದು ಅವರ ಸಂಪ್ರದಾಯ. ಕೆಮ್ಮಣ್ಣು, ಬಿಳಿಮಣ್ಣು, ಕಪ್ಪು, ಎಲೆಯ ಹಸಿರು, ಇವೇ ಅವರ ಬಣ್ಣಗಳು. ಮರದ ಅಂಟನ್ನೂ ಬಳಸುವುದುಂಟು. ಕಡಿದಾದ ಬಂಡೆಯಿಂದ ಇಳಿಬಿದ್ದು ಜೇನು ಇಳಿಸುವುದು, ಸುಗ್ಗಿ, ಕುಣಿತ, ದೇವರ ಪೂಜೆ, ಹೀಗೆ ತಮ್ಮ ಬದುಕನ್ನೇ ಅವರು ಬರೆದಿದ್ದಾರೆ. ಕೆಲವು ದಶಕಗಳಿಂದ ಈ ಚಿತ್ರಗಳು ಕಾಗದಕ್ಕೂ ಬಟ್ಟೆಗೂ ಬಂದಿವೆ. ಹೀಗಾಗಿ ಇದು ಹಳೆಯ ಸಂಪ್ರದಾಯವೂ ಹೌದು, ಇಂದಿನ ಕಲೆಯೂ ಹೌದು.

ಆ ಪ್ರದೇಶದ ಶಿಲಾಚಿತ್ರಗಳಿರುವ ಒಂದು ಬಂಡೆಗೆ ಜನರು ‘ಎಳುತ್ತುಪಾರೈ’, ಅಂದರೆ ‘ಬರಹದ ಬಂಡೆ’, ಎನ್ನುತ್ತಾರೆ. ಅಲ್ಲಿರುವುದು ಅಕ್ಷರಗಳಲ್ಲ, ಚಿತ್ರಗಳು. ಚಿತ್ರವನ್ನು ಬರಹವೆಂದೇ ಎಣಿಸುವ ಕಣ್ಣು ಈ ಬೆಟ್ಟದಲ್ಲಿಯೂ ಇದೆಯೆಂಬುದಕ್ಕೆ ಇದು ನಿದರ್ಶನ. ಬಂಡೆಯವರೆಗೆ ಮಕ್ಕಳನ್ನು ಕರೆದೊಯ್ಯುವುದು ಬೇಡ. ಅಲ್ಲಿನ ಛಾಯಾಚಿತ್ರಗಳನ್ನು ತರಗತಿಯಲ್ಲಿ ತೋರಿಸಿದರೆ ಸಾಕು.

ತೋಡ ಮಹಿಳೆಯರ ಕಸೂತಿಯನ್ನೂ ಮರೆಯಬಾರದು. ಬಿಳಿಯ ಬಟ್ಟೆಯ ಮೇಲೆ ಕೆಂಪು ಮತ್ತು ಕಪ್ಪು ದಾರಗಳಿಂದ, ಮೊದಲೇ ಗುರುತು ಹಾಕಿಕೊಳ್ಳದೆ, ಎಳೆಗಳನ್ನು ಎಣಿಸುತ್ತಲೇ ಹಾಕುವ ಈ ಕಸೂತಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಗಣಿತದ ಅಧ್ಯಾಪಕರನ್ನೂ ಈ ಪಾಠಕ್ಕೆ ಸೇರಿಸಿಕೊಳ್ಳಬಹುದು.

ಒಂದು ಎಚ್ಚರಿಕೆ ಅಗತ್ಯ. ಹಳ್ಳಿಯ ಮನೆ ಪ್ರದರ್ಶನಾಲಯವಲ್ಲ. ಮುಂಚಿತವಾಗಿ ಒಪ್ಪಿಗೆ ಪಡೆಯದೆ ಯಾರ ಅಂಗಳಕ್ಕೂ ಮಕ್ಕಳನ್ನು ಕರೆದೊಯ್ಯಕೂಡದು, ಕೇಳದೆ ಫೋಟೋ ತೆಗೆಯಕೂಡದು. ನಮ್ಮ ತರಗತಿಯಲ್ಲೇ ಈ ಸಮುದಾಯಗಳ ಮಕ್ಕಳಿರಬಹುದು. ಅವರನ್ನು ಮಾದರಿಯಂತೆ ಎದ್ದು ನಿಲ್ಲಿಸದೆ, ಬಲ್ಲವರೆಂಬ ಗೌರವದಿಂದ ಮಾತನಾಡಿಸಬೇಕು.

3. ಮೈಸೂರಿನಲ್ಲಿ

ಗೂಡಲೂರು ಮತ್ತು ಮಸಿನಗುಡಿಯ ಶಾಲೆಗಳಿಗೆ ಬಂಡೀಪುರ, ಗುಂಡ್ಲುಪೇಟೆ, ನಂಜನಗೂಡುಗಳ ಮೂಲಕ ಮೈಸೂರು ಒಂದು ದಿನದ ಪ್ರವಾಸಕ್ಕೆ ಎಟಕುತ್ತದೆ. ಜಗನ್ಮೋಹನ ಅರಮನೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದರು. ಅಲ್ಲಿ 1915ರಿಂದ ಇರುವ ಚಿತ್ರಶಾಲೆಗೆ ಇಂದು ಶ್ರೀ ಜಯಚಾಮರಾಜೇಂದ್ರರ ಹೆಸರಿದೆ. ರಾಜಾ ರವಿವರ್ಮನ ತೈಲಚಿತ್ರಗಳು ಇಲ್ಲಿನ ಹೆಮ್ಮೆ.

ಮೇಲೆ ಹೇಳಿದ, ದೀಪ ಹಿಡಿದ ಹೆಂಗಸಿನ ಚಿತ್ರವೂ ಇಲ್ಲಿಯೇ ಇದೆ. ಇದನ್ನು ರವಿವರ್ಮನದೆಂದು ಹೇಳುವವರು ಬಹಳ ಮಂದಿ. ವಾಸ್ತವವಾಗಿ ಇದು ಎಸ್. ಎಲ್. ಹಳದಣಕರ್ ಅವರ ಜಲವರ್ಣ ಚಿತ್ರ. ಕಲಾವಿದರ ಮಗಳೇ ಇದಕ್ಕೆ ರೂಪದರ್ಶಿ. ಚಿತ್ರದ ಕೆಳಗಿನ ಫಲಕವನ್ನು ಓದುವ ಅಭ್ಯಾಸವನ್ನು ಮಾಡಿಸಲು ಇದು ಒಳ್ಳೆಯ ಸಂದರ್ಭ. ‘ಕೇಳಿದ್ದನ್ನು ನಂಬುವ ಮೊದಲು ಬರೆದದ್ದನ್ನು ಓದು’ ಎಂಬ ಪಾಠ ಇಲ್ಲಿ ಉಪದೇಶವಿಲ್ಲದೆ ನಡೆಯುತ್ತದೆ.

4. ಬೆಂಗಳೂರಿನಲ್ಲಿ: ನಮ್ಮ ಬೆಟ್ಟದ ಚಿತ್ರಗಳು

ಎರಡು ದಿನಗಳ ಪ್ರವಾಸ ಸಾಧ್ಯವಿದ್ದರೆ, ಅಥವಾ ಹೊಸೂರು ಭಾಗದ ಶಾಲೆಗಳಿಗೆ ಒಂದೇ ದಿನದಲ್ಲಿ, ಬೆಂಗಳೂರು ತಲುಪಬಹುದು. ಆಧುನಿಕ ಮತ್ತು ಸಮಕಾಲೀನ ಕಲೆಗೆ ಅಲ್ಲಿ ಹಲವು ನೆಲೆಗಳಿವೆ. 1960ರಲ್ಲಿ ಸ್ಥಾಪನೆಯಾದ ಕರ್ನಾಟಕ ಚಿತ್ರಕಲಾ ಪರಿಷತ್ತು, ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಿಂದ ನಡೆಯುತ್ತಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ, ಇವು ಪ್ರಮುಖವಾದುವು.

ಆದರೆ ನೀಲಗಿರಿಯ ಮಕ್ಕಳ ದೃಷ್ಟಿಯಿಂದ ನಾನು ಮೊದಲ ಸ್ಥಾನ ಕೊಡುವುದು ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಗೆ. ಕೆ. ವೆಂಕಟಪ್ಪನವರು (1886–1965) ಮೈಸೂರು ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನದವರು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ಅವರು ವೀಣೆಯನ್ನೂ ಸಾಧನೆ ಮಾಡಿದವರು. ಅವರ ಅತ್ಯಂತ ಪ್ರಸಿದ್ಧ ಜಲವರ್ಣ ಚಿತ್ರಗಳಲ್ಲಿ ಒಂದು ಗುಂಪು ಊಟಿಯದು. ಸರೋವರದ ನೋಟ, ಬೆಳದಿಂಗಳ ಇರುಳು, ಮುಂಗಾರಿನ ಮೋಡಗಳು ಒಡೆಯುವ ಹೊತ್ತು, ಹೀಗೆ ನಮ್ಮ ಮಕ್ಕಳು ಪ್ರತಿದಿನ ಕಿಟಕಿಯಿಂದ ಕಾಣುವುದನ್ನೇ ಅವರು ಅಪಾರ ತಾಳ್ಮೆಯಿಂದ ನೋಡಿ ಬರೆದರು.

ಇದರ ಶೈಕ್ಷಣಿಕ ಮಹತ್ತ್ವವನ್ನು ಗಮನಿಸಬೇಕು. ನಮ್ಮ ಮಕ್ಕಳಿಗೆ ಕನ್ನಡವೆಂದರೆ ಗಡಿಯ ಆಚೆಗಿನ ಭಾಷೆ, ಪಠ್ಯದಲ್ಲಿ ಬರುವುದು ಹಂಪಿ, ಜೋಗ, ಬೇಲೂರುಗಳು ಎಂಬ ಭಾವನೆ ಬೇಗನೆ ಬೇರೂರುತ್ತದೆ. ತಮ್ಮ ಊರು ಸೀಸನ್ನಿಗೆ ಬರುವವರು ನೋಡುವ ಸ್ಥಳ, ತಾವು ಅದನ್ನು ನೋಡುವವರಲ್ಲ ಎಂಬ ಭಾವನೆಯೂ ಇದೆ. ಕನ್ನಡ ನಾಡಿನ ಒಬ್ಬ ದೊಡ್ಡ ಕಲಾವಿದ ತಮ್ಮ ಬೆಟ್ಟದ ಮಂಜಿನ ಮುಂದೆ ಕುಳಿತು ಕೆಲಸ ಮಾಡಿದನೆಂದು ತಿಳಿದ ಮಗು ಮುಂದೆ ಆ ಮಂಜನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಪ್ರವಾಸ ಸಾಧ್ಯವಾಗದ ಶಾಲೆಗಳವರು ಈ ಚಿತ್ರಗಳ ಒಳ್ಳೆಯ ಮುದ್ರಿತ ಪ್ರತಿಯನ್ನು ತಂದು, ತರಗತಿಯ ಕಿಟಕಿಯ ಪಕ್ಕದಲ್ಲಿಯೇ ತೂಗುಹಾಕಿ ಪಾಠ ಮಾಡಬಹುದು. ಚಿತ್ರ ಮತ್ತು ಬೆಟ್ಟಗಳೆರಡನ್ನೂ ಒಟ್ಟಿಗೆ ನೋಡುವ ಭಾಗ್ಯ ಬೆಂಗಳೂರಿನ ಮಕ್ಕಳಿಗೂ ಇಲ್ಲ.

5. ಸಂದರ್ಶನಕ್ಕೆ ಮುನ್ನ

(ಅ) ಬೆಂಗಳೂರಿನ ಸಾರ್ವಜನಿಕ ಕಲಾಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ತಮಿಳುನಾಡಿನ ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ. ದುರಸ್ತಿಯ ಕಾರಣ ಕೆಲವು ಕೋಣೆಗಳು, ಕೆಲವೊಮ್ಮೆ ಇಡೀ ಕಟ್ಟಡವೇ ಮುಚ್ಚಿರುವುದುಂಟು. ಹೊರಡುವ ಮೊದಲು ದೂರವಾಣಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಿರಿ.

(ಆ) ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಮೈಸೂರಿನಿಂದ ಸಂಜೆ ಬೇಗನೆ ಹೊರಡಬೇಕು.

(ಇ) ತಾಳವಾಡಿ, ಹೊಸೂರು ಮುಂತಾದ ಕಡೆಗಳಿಂದ ನೀಲಗಿರಿಗೆ ವಾಹನದಲ್ಲಿ ಬರುವವರಿಗೆ ಇ-ಪಾಸ್ ಪಡೆಯುವ ನಿಯಮ 2024ರ ಮೇ ತಿಂಗಳಿನಿಂದ ಜಾರಿಗೆ ಬಂದಿದೆ. ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಒಳಿತು.

(ಈ) ಹಿಂದಿನ ದಿನ ಪದಸಂಚಯವನ್ನು ಸಿದ್ಧಗೊಳಿಸಿರಿ. ಮಂಜು, ಇಬ್ಬನಿ, ಕಾವಳ, ಮಬ್ಬು, ಮುಸುಕು, ಇವುಗಳ ನಡುವಣ ವ್ಯತ್ಯಾಸವನ್ನು ಮಕ್ಕಳಿಂದಲೇ ಹೇಳಿಸಿರಿ. ಕಡುನೀಲಿ, ತಿಳಿನೀಲಿ, ಎಳೆಹಸಿರು, ನಸುಗೆಂಪು ಮುಂತಾದ ಪದಗಳಲ್ಲಿ ಕಡು, ತಿಳಿ, ಎಳೆ, ನಸು ಎಂಬ ಪೂರ್ವಪದಗಳು ಬಣ್ಣವನ್ನು ಹೇಗೆ ಮಾರ್ಪಡಿಸುತ್ತವೆಂಬುದನ್ನು ತೋರಿಸಿರಿ. ಕಾರ್ಮುಗಿಲು, ಬೆಳ್ಮುಗಿಲು, ಕೆಂದಳಿರುಗಳಿಂದ ಕರ್ಮಧಾರಯ ಸಮಾಸವನ್ನು ಪುನರ್ಮನನ ಮಾಡಿಸಿರಿ. ‘ನೀಲಗಿರಿ’ ಎಂಬ ಹೆಸರೂ ಅದೇ ಸಮಾಸವೆಂಬುದನ್ನು ಮಕ್ಕಳೇ ಕಂಡುಹಿಡಿಯಲಿ.

6. ಚಿತ್ರದ ಮುಂದೆ

ಮೊದಲು ಹದಿನೈದು ನಿಮಿಷ ಮಕ್ಕಳು ಸ್ವತಂತ್ರವಾಗಿ ಸುತ್ತಾಡಲಿ. ಅನಂತರ ಪ್ರತಿಯೊಬ್ಬರೂ ಒಂದೇ ಒಂದು ಚಿತ್ರವನ್ನು ಆರಿಸಿಕೊಂಡು ಅದರ ಮುಂದೆ ಹತ್ತು ನಿಮಿಷ ನಿಲ್ಲಲಿ ಅಥವಾ ಕೂರಲಿ. ಮೊದಲ ಐದು ನಿಮಿಷ ಪೆನ್ಸಿಲ್ ಮುಟ್ಟುವಂತಿಲ್ಲ. ಬಳಿಕ ಈ ಮೂರು ಪ್ರಶ್ನೆಗಳನ್ನು ಈ ಕ್ರಮದಲ್ಲಿಯೇ ಕೇಳಿರಿ:

– ಏನು ಕಾಣುತ್ತಿದೆ? (ನಾಮಪದಗಳು)
– ಹೇಗೆ ಕಾಣುತ್ತಿದೆ? (ಗುಣವಾಚಕಗಳು)
– ಅದನ್ನು ನೋಡಿದಾಗ ನಿನಗೆ ಏನು ನೆನಪಾಗುತ್ತದೆ? (ಪೂರ್ಣ ವಾಕ್ಯ)

‘ಚೆನ್ನಾಗಿದೆಯೇ?’ ಎಂದು ಮಾತ್ರ ಕೇಳಬೇಡಿರಿ. ಆ ಪ್ರಶ್ನೆಗೆ ಮಕ್ಕಳು ಹೌದೆನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಸಮಕಾಲೀನ ಕೃತಿಗಳ ಮುಂದೆ ‘ಇದು ಏನು ಟೀಚರ್, ಅರ್ಥವೇ ಆಗುವುದಿಲ್ಲ’ ಎನ್ನುವ ಮಗುವಿಗೆ ಅರ್ಥವನ್ನು ಹೇಳಿಕೊಡುವ ಅವಸರ ಬೇಡ. ‘ಅರ್ಥ ಆಮೇಲೆ ನೋಡೋಣ, ಮೊದಲು ಕಂಡದ್ದನ್ನು ಹೇಳು’ ಎಂದರೆ ಸಾಕು.

ಮಗುವಿಗೆ ಕನ್ನಡ ಪದ ತೋಚದಿದ್ದಾಗ ಮನೆಮಾತಿನ ಪದವನ್ನೇ ಬರೆಯಲಿ; ಅದು ಬಡಗ ನುಡಿಯಿರಲಿ, ತಮಿಳಿರಲಿ, ಮಲಯಾಳವಿರಲಿ. ಅದರ ಕೆಳಗೆ ಒಂದು ಗೆರೆ ಎಳೆದರಾಯಿತು. ಗೆರೆ ಎಳೆದ ಪದ ತಪ್ಪಲ್ಲ, ಮುಂದಿನ ಪಾಠದ ಬೀಜ.

7. ಹಿಂದಿರುಗಿದ ಮೇಲೆ

ಗೆರೆ ಎಳೆದ ಪದಗಳನ್ನೆಲ್ಲ ಕರಿಹಲಗೆಯ ಮೇಲೆ ಬರೆದು ಅವಕ್ಕೆ ಕನ್ನಡದ ಪದಗಳನ್ನು ಒಟ್ಟಾಗಿ ಹುಡುಕಿರಿ. ಕೆಲವಕ್ಕೆ ಸಮಾನ ಪದ ದೊರೆಯದಿರಬಹುದು. ಅದನ್ನೂ ಮಕ್ಕಳ ಮುಂದೆ ಒಪ್ಪಿಕೊಳ್ಳಿರಿ. ಬಳಿಕ ಪ್ರತಿ ಮಗುವೂ ತನ್ನ ಮನೆಯ ಬಾಗಿಲಿನಿಂದ ಕಾಣುವ ನೋಟವನ್ನು ಒಂದು ಹಾಳೆಯ ಮೇಲರ್ಧದಲ್ಲಿ ಚಿತ್ರವಾಗಿ, ಕೆಳಗಿನರ್ಧದಲ್ಲಿ ಅಕ್ಷರದಲ್ಲಿ ಬರೆಯಲಿ. ಹಾಳೆಗಳನ್ನು ಶಾಲೆಯ ಮೊಗಸಾಲೆಯಲ್ಲಿ ತೂಗುಹಾಕಿ, ಕಲಾವಿದನ ಹೆಸರು, ಚಿತ್ರದ ಹೆಸರು, ಬಳಸಿದ ಬಣ್ಣ ಇವುಗಳ ಫಲಕವನ್ನು ಮಕ್ಕಳಿಂದಲೇ ಬರೆಸಿ, ಹೆತ್ತವರನ್ನು ಆಹ್ವಾನಿಸಿರಿ. ಹೆತ್ತವರು ಕನ್ನಡ ಓದಲಾರದವರಾದರೆ ಮಗುವೇ ಓದಿ ಹೇಳಲಿ.

8. ಮೌಲ್ಯಮಾಪನ

ಕಾಗುಣಿತ ದೋಷಗಳಿಗೆ ಅಂಕ ಕಳೆಯಬೇಡಿರಿ. ಈ ಮೂರನ್ನು ಮಾತ್ರ ಪರಿಶೀಲಿಸಿರಿ: ಮಗು ಸ್ವಂತ ಕಣ್ಣಿನಿಂದ ಕಂಡ ಒಂದು ವಿವರವಾದರೂ ಬರಹದಲ್ಲಿದೆಯೇ? ‘ಚೆನ್ನಾಗಿದೆ’ ಎಂಬ ಪದದ ನೆರವಿಲ್ಲದೆ ಅದನ್ನು ವರ್ಣಿಸಿದೆಯೇ? ಹೊಸದಾಗಿ ಕಲಿತ ಎರಡು ಪದಗಳನ್ನಾದರೂ ಬಳಸಿದೆಯೇ?

ಉಪಸಂಹಾರ

ಅಲ್ಪಸಂಖ್ಯಾತ ಭಾಷೆಯ ಅಧ್ಯಾಪಕರಾದ ನಮಗೆ ಮಕ್ಕಳ ಸಂಖ್ಯೆಯ ಚಿಂತೆ, ಪುಸ್ತಕಗಳ ಚಿಂತೆ, ಫಲಿತಾಂಶದ ಚಿಂತೆ ತಪ್ಪಿದ್ದಲ್ಲ. ಆದರೆ ಒಂದು ಭಾಷೆಯು ಮಗುವಿನಲ್ಲಿ ನೆಲೆನಿಲ್ಲುವುದು ತನ್ನ ಕಣ್ಣಿಗೆ ಕಂಡದ್ದನ್ನು ಆ ಭಾಷೆಯಲ್ಲಿ ಹೇಳಲು ಸಾಧ್ಯವಾದಾಗ. ಮೈಸೂರಿಗೆ ಆ ಬಳಿಕವೂ ಹಲವು ಸಲ ಮಕ್ಕಳೊಡನೆ ಹೋಗಿದ್ದೇನೆ. ಈಗ ಎಲ್ಲ ಕೋಣೆಗಳನ್ನೂ ತೋರಿಸುವುದಿಲ್ಲ. ಎರಡು ಕೋಣೆಗಳು, ಮಗುವಿಗೊಂದು ಚಿತ್ರ, ಅದರ ಮುಂದೆ ಹತ್ತು ನಿಮಿಷ. ಈ ಬೇಸಿಗೆಯಲ್ಲಿ ತಾವೂ ಹಾಗೆ ಒಮ್ಮೆ ಮಾಡಿ ನೋಡಬೇಕೆಂದು ಕೋರುತ್ತೇನೆ.