ದೀಪಿಕಾ ಪಡುಕೋಣೆಯಿಂದ ಧ್ವನಿಪೆಟ್ಟಿಗೆಗೆ

ಮಡಿವಾಳದ ಅಭ್ಯಾಸ ಬೋಧನೆಯಲ್ಲಿ 8ನೇ ತರಗತಿಗೆ ‘ಶಬ್ದ’ ಘಟಕ ತೆಗೆದುಕೊಂಡಿದ್ದೆ. ಪೀಠಿಕೆಗೆ ದೀಪಿಕಾ ಪಡುಕೋಣೆ ಅವರ ಚಿತ್ರ ತೋರಿಸಿ, “ಮಾಡೆಲ್ ಆಗಿದ್ದವರು ನಟಿಯಾಗಲು ಇನ್ನೇನು ಬೇಕು?” ಎಂದೆ. “ಚೆನ್ನಾಗಿದ್ರೆ ಸಾಕು ಮಿಸ್!” ಮೊದಲ ಸಿನಿಮಾ ‘ಓಂ ಶಾಂತಿ ಓಂ’ ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ತಿದ್ದಿದಳು: ಉಪೇಂದ್ರ ಜೊತೆಗಿನ ಕನ್ನಡದ ‘ಐಶ್ವರ್ಯ’, 2006. ಬೆಂಗಳೂರಿನಲ್ಲೇ ಬೆಳೆದವರ ಬಗ್ಗೆ ನನ್ನ ತಯಾರಿ ಇಷ್ಟು!

2007ರ ‘ಓಂ ಶಾಂತಿ ಓಂ’ ಅವರಿಗೆ ಹೊಸ ನಟಿಯ ಫಿಲ್ಮ್‌ಫೇರ್ ಪ್ರಶಸ್ತಿ ತಂದಿತು. ಆದರೆ ಅದರಲ್ಲಿ ಕೇಳುವ ಕಂಠ ಮೋನಾ ಘೋಷ್ ಶೆಟ್ಟಿ ಅವರದು. ಇದನ್ನು ಹೇಳಿದಾಗ ತರಗತಿ ಸುಮ್ಮನಾಯಿತು. ರ‍್ಯಾಂಪ್ ಮೇಲೆ ನಡಿಗೆ, ನಿಲುವು ಸಾಕು, ಬಾಯಿ ತೆರೆಯಬೇಕಿಲ್ಲ. 2015ರ ‘ಪೀಕು’ ಚಿತ್ರದ ತುಂಬ ಅವರದೇ ಮಾತು. ಅತ್ಯುತ್ತಮ ನಟಿ ಪ್ರಶಸ್ತಿಯೂ ಬಂತು.

ಅಲ್ಲಿಂದ ಧ್ವನಿಪೆಟ್ಟಿಗೆಗೆ ಬಂದೆವು. ಗಂಡಸರ ಧ್ವನಿತಂತು ಸುಮಾರು 20 ಮಿ.ಮೀ., ಹೆಂಗಸರದು ಸುಮಾರು 5 ಮಿ.ಮೀ. ಕಡಿಮೆ. ಉದ್ದ ನಮ್ಮ ಕೈಯಲ್ಲಿಲ್ಲ. ಉಸಿರು, ಉಚ್ಚಾರಣೆ, ಎಲ್ಲಿ ನಿಲ್ಲಿಸಬೇಕೆಂಬುದು ಅಭ್ಯಾಸದಿಂದ ಬರುತ್ತವೆ.

ನನ್ನನ್ನು ತಿದ್ದಿದ ಹುಡುಗಿ, ದನಿ ಕೀರಲೆಂದು ನಗುತ್ತಾರೆಂದು ಗಟ್ಟಿಯಾಗಿ ಓದಲು ಏಳುತ್ತಲೇ ಇರಲಿಲ್ಲ. ಅಂದು ಕಂಪನದ ವ್ಯಾಖ್ಯೆ ಓದಿದಳು. ಕೊನೆಯ ಪದ ಕೇಳಿಸಲಿಲ್ಲ, ಇನ್ನೊಮ್ಮೆ ಓದಿಸಿದೆ. ‘ಪೀಠಿಕೆ ದೀರ್ಘವಾಯಿತು’ ಎಂದು ವೀಕ್ಷಕರು ಬರೆದಿದ್ದಾರೆ. ಒಪ್ಪುತ್ತೇನೆ, ಮೌಲ್ಯಮಾಪನದ ಪ್ರಶ್ನೆಗಳಿಗೆ ಸಮಯವೇ ಉಳಿಯಲಿಲ್ಲ.