ಮೊಳಕೆ ಕಾಳಿನ ಜೀವಸತ್ವ

ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ನಮ್ಮ ಮನೆಗಳಲ್ಲಿ ಮಡಿಕಿ ಕಾಳನ್ನು ನೆನೆಹಾಕಿ, ಅರಿವೆಯಲ್ಲಿ ಕಟ್ಟಿ, ಮೊಳಕೆ ಒಡೆದ ಮೇಲೆ ಉಸಳಿ ಮಾಡುವುದು ಹೊಸದೇನಲ್ಲ. ಆದರೆ ಆ ಗಂಟಿನೊಳಗೆ ಏನು ನಡೆಯುತ್ತದೆಂದು ನಾವು ವಿಚಾರ ಮಾಡುವುದು ಕಡಿಮೆ.

ಒಣ ಕಾಳಿನಲ್ಲಿ ‘ಸಿ’ ಜೀವಸತ್ವ ಇಲ್ಲವೆಂದೇ ಹೇಳಬೇಕು. ನೀರು ಹೀರಿದ ಬೀಜ ವೇಗವಾಗಿ ಉಸಿರಾಡತೊಡಗುತ್ತದೆ. ಅದಕ್ಕೆ ಆಮ್ಲಜನಕ ಬೇಕು. ಆದರೆ ಅದೇ ಆಮ್ಲಜನಕದಿಂದ ಜೀವಕೋಶಗಳನ್ನು ಕೆಡಿಸುವ ಉಗ್ರ ಕಣಗಳೂ ಹುಟ್ಟುತ್ತವೆ. ಅವನ್ನು ತಡೆಯಲು ಮೊಳಕೆಯು ‘ಸಿ’ ಜೀವಸತ್ವ ಮೊದಲಾದ ವಸ್ತುಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಇವಕ್ಕೆ ಉತ್ಕರ್ಷಣ ನಿರೋಧಕಗಳೆಂದು ಹೆಸರು. ಬೀಜ ತನಗಾಗಿ ಮಾಡಿಕೊಂಡದ್ದು ನಮ್ಮ ಊಟಕ್ಕೂ ಒದಗಿತು!

ಈ ಜೀವಸತ್ವ ತೀರ ಕಡಿಮೆಯಾದರೆ ಒಸಡು ಬಾತು ರಕ್ತ ಒಸರುವ ಸ್ಕರ್ವಿ ರೋಗ ಬರುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾಕ್ಕೆ ಹೋಗಿದ್ದ ಭಾರತೀಯ ಸಿಪಾಯಿಗಳು ತಾಜಾ ಕಾಯಿಪಲ್ಲೆ ಸಿಗದೆ ಇದರಿಂದ ಬಹಳ ನರಳಿದರು. 1919ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಮತ್ತು ಡೆಲ್ಫ್ ಎಂಬ ಇಬ್ಬರು ವಿಜ್ಞಾನಿಗಳು ಗಿನಿ ಹಂದಿಗಳಿಗೆ ಒಣ ಕಾಳನ್ನೂ ಮೊಳಕೆ ಕಾಳನ್ನೂ ತಿನ್ನಿಸಿ ನೋಡಿ, ಮೊಳಕೆಯಲ್ಲಿ ಈ ರೋಗವನ್ನು ತಡೆಯುವ ಶಕ್ತಿ ಎಷ್ಟೋ ಪಾಲು ಹೆಚ್ಚೆಂದು ತೋರಿಸಿದರು. ಕಾಯಿಪಲ್ಲೆ ತುಟ್ಟಿಯಾಗುವ ಬೇಸಿಗೆಯಲ್ಲಿ ಇದು ನೆನಪಿಡತಕ್ಕ ಮಾತು.

ಎಲ್ಲ ಮೊಳಕೆಯೂ ಒಂದೇ ಅಲ್ಲ. ಕಾಳನ್ನು ಎಂಟು-ಹತ್ತು ತಾಸು ನೆನೆಸಿ ನೀರು ಬಸಿಯಬೇಕು. ನೀರಿನಲ್ಲೇ ಮುಳುಗಿಸಿಟ್ಟರೆ ಗಾಳಿ ಸಿಗದೆ ಹುಳಿ ವಾಸನೆ ಬರುತ್ತದೆ. ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಒಂದೆರಡು ದಿನದಲ್ಲಿ ಒಳ್ಳೆಯ ಮೊಳಕೆ ಬರುತ್ತದೆ. ಚಳಿಗಾಲದಲ್ಲಿ ತಡ. ಕತ್ತಲೆಯ ಮೊಳಕೆ ಬೆಳ್ಳಗೆ, ಮೆತ್ತಗೆ ಇರುತ್ತದೆ. ಬೆಳಕು ಕಂಡದ್ದರಲ್ಲಿ ಸಾಮಾನ್ಯವಾಗಿ ಜೀವಸತ್ವ ಹೆಚ್ಚು. ಬೆಚ್ಚನೆಯ ತೇವ ರೋಗಾಣುಗಳಿಗೂ ಪ್ರಿಯವಾದ್ದರಿಂದ ದಿನಕ್ಕೆ ಎರಡು ಸಲ ಶುದ್ಧ ನೀರಿನಲ್ಲಿ ತೊಳೆಯಬೇಕು. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಹಸಿಯದನ್ನು ಕೊಡದೆ ಬೇಯಿಸಿಯೇ ಕೊಡುವುದು ಒಳಿತು. ಬೇಯಿಸಿದರೆ ಒಂದಿಷ್ಟು ಜೀವಸತ್ವ ನಷ್ಟವಾಗುವುದು ನಿಜ; ಸ್ವಲ್ಪ ನೀರು, ಮುಚ್ಚಳ ಮುಚ್ಚಿದ ಪಾತ್ರೆ, ಕಡಿಮೆ ಹೊತ್ತು ಎಂದರೆ ನಷ್ಟ ಕಡಿಮೆ. ಬೇಗ ಬೇಯಲೆಂದು ಸೋಡಾ ಹಾಕುವ ರೂಢಿ ಮಾತ್ರ ನಮಗೆ ಒಪ್ಪಿಗೆಯಿಲ್ಲ. ಅದು ಈ ಜೀವಸತ್ವವನ್ನು ಕೆಡಿಸುತ್ತದೆ.

ವಿದ್ಯಾರ್ಥಿಗಳು ಇದನ್ನು ಶಾಲೆಯ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬಹುದು. ತಿಳಿಗಂಜಿಗೆ ಒಂದು ಹನಿ ಅಯೋಡಿನ್ ಹಾಕಿದರೆ ನೀಲಿ ಬಣ್ಣ ಬರುತ್ತದೆ. ಅದಕ್ಕೆ ಮೊಳಕೆಯನ್ನು ಅರೆದು ಸೋಸಿದ ರಸವನ್ನು ಹನಿಹನಿಯಾಗಿ ಬಿಡಿರಿ. ಬಣ್ಣ ಹೋಗಲು ಎಷ್ಟು ಹನಿ ಬೇಕಾಯಿತೆಂದು ಎಣಿಸಿರಿ. ಹನಿ ಕಡಿಮೆಯಾದಷ್ಟೂ ನಿರೋಧಕ ವಸ್ತು ಹೆಚ್ಚು. ಒಂದು ದಿನದ ಮೊಳಕೆ, ಎರಡು ದಿನದ್ದು, ಬೇಯಿಸಿದ್ದು, ಹೀಗೆ ಬೇರೆ ಬೇರೆ ಮಾಡಿ ಲೆಕ್ಕ ಬರೆದಿಡಿರಿ.