ದಿನಬಳಕೆಗೆ ಯಾವ ಲಿನಕ್ಸ್?

ಲಿನಕ್ಸ್ ಅಂದರೆ ಒಂದೇ ವಸ್ತು ಎಂದು ನಾನು ತಿಳಿದಿದ್ದೆ. ಬಿ.ಕಾಂ. ಓದಲು ನಾಸಿಕಕ್ಕೆ ಬಂದ ಮೇಲೆ ಆ ತಿಳುವಳಿಕೆ ತಪ್ಪೆಂದು ಗೊತ್ತಾಯಿತು. ಲಿನಕ್ಸ್ ಎಂಬುದು ಗಣಕಯಂತ್ರವನ್ನು ನಡೆಸುವ ತಿರುಳು. ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಅದನ್ನು ಬರೆದರು. ಆ ತಿರುಳಿಗೆ ಬೇಕಾದ ತಂತ್ರಾಂಶಗಳನ್ನೆಲ್ಲ ಜೋಡಿಸಿ ಕೊಡುವುದಕ್ಕೆ ಡಿಸ್ಟ್ರೋ ಅನ್ನುತ್ತಾರೆ. ಹಿಟ್ಟು ಒಂದೇ, ರೊಟ್ಟಿ ಬಡಿಯುವ ಕೈ ಬೇರೆ. ಡೆಬಿಯನ್, ಉಬುಂಟು, ಮಿಂಟ್, ಫೆಡೋರಾ ಎಲ್ಲವೂ ಹೀಗೆ ಆದವು. ಇವಕ್ಕೆ ದುಡ್ಡು ಕೊಡಬೇಕಾಗಿಲ್ಲ; ಗೆಳೆಯರಿಗೆ ನಕಲು ಕೊಟ್ಟರೂ ತಪ್ಪಲ್ಲ.

ಈ ವಿಚಾರ ಈಗ ಏಕೆಂದರೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ನನ್ನದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್, ರ‍್ಯಾಮ್ 4 ಜಿ.ಬಿ. ಹೊಸದು ಕೊಡಿಸಿರಿ ಅಂತ ಅಕ್ಕಲಕೋಟೆಯ ಅಪ್ಪನಿಗೆ ಕೇಳಲು ಬಾಯಿ ಬರಲಿಲ್ಲ.

ಗೆಳೆಯನ ಮಾತು ಕೇಳಿ, ಸದಾ ಹೊಸದಾಗುತ್ತಲೇ ಇರುವ ಒಂದು ಡಿಸ್ಟ್ರೋ ಹಾಕಿದೆ. ನೋಡಲು ಬಲು ಚೆಂದ. ಪರೀಕ್ಷೆಯ ಹಿಂದಿನ ದಿನ ಅಪ್‌ಡೇಟ್ ಮಾಡಿದೆ, ಪರದೆ ಕಪ್ಪಾಯಿತು. ಕಾಸ್ಟಿಂಗ್ ನೋಟ್ಸೆಲ್ಲ ಒಳಗೇ ಉಳಿದವು. ಆ ರಾತ್ರಿ ಇನ್ನೊಬ್ಬರ ವಹಿ ಬೇಡಿ ಓದಿದೆ. ತಪ್ಪು ನನ್ನದೇ. ಅದು ಬಿಚ್ಚಿ ಜೋಡಿಸಬಲ್ಲವರಿಗಾಗಿ ಇರುವಂಥದು.

ಆಮೇಲೆ ಬಾಳಿಕೆಯ ಲೆಕ್ಕ ನೋಡಿದೆ. ಫೆಡೋರಾದ ಒಂದು ಆವೃತ್ತಿಗೆ ಬೆಂಬಲ ಸುಮಾರು 13 ತಿಂಗಳು. ಉಬುಂಟುವಿನ ಎಲ್.ಟಿ.ಎಸ್. ಆವೃತ್ತಿಗೆ 5 ವರ್ಷ. ಅದರ ಮೇಲೆ ಕಟ್ಟಿದ, 2024ರಲ್ಲಿ ಬಂದ ಮಿಂಟ್ 22ಕ್ಕೆ 2029ರವರೆಗೆ. ಮಿಂಟ್‌ನ ಹಗುರ ರೂಪವಾದ ಎಕ್ಸ್‌ಎಫ್‌ಸಿಇ ನನ್ನ ಯಂತ್ರಕ್ಕೆ ಹೊಂದಿತು. ಅದರ ಕೀಲಿಮಣೆ ಪಟ್ಟಿಯಲ್ಲಿ ಕನ್ನಡದ ‘ಕಗಪ’ ಉಂಟು. ಈ ಲೇಖನವನ್ನು ಅದರಲ್ಲೇ ಬರೆದೆ.

ರಜೆಯಲ್ಲಿ ಛತ್ರಪತಿ ಸಂಭಾಜಿನಗರದ ಅಣ್ಣನ ಮನೆಗೆ ಹೋದೆ. ಅಣ್ಣ ವಾಳೂಜಿನ ಒಂದು ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯುತ್ತಾನೆ. ಅವನಿಗೂ ಮಿಂಟ್ ಹಾಕಿಕೊಡುವ ಉಮೇದು ನನಗೆ. ಪೆನ್‌ಡ್ರೈವ್‌ನಿಂದಲೇ ನಡೆಸಿ ತೋರಿಸಿದೆ; ಹೀಗೆ ಮಾಡಿದರೆ ಒಳಗಿನದೇನೂ ಅಳಿಯುವುದಿಲ್ಲ. ವೈಫೈ, ಧ್ವನಿ ಎಲ್ಲ ಸರಿ ಇತ್ತು. ಅಣ್ಣ ನೋಡಿ ಕೇಳಿದ:

“ಎಲ್ಲಾ ಚಲೋ ಐತಿ ತಮ್ಮಾ, ಟ್ಯಾಲಿ ಎಲ್ಲೈತಿ?”

ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ಲಿನಕ್ಸಿನಲ್ಲಿ ಗ್ನೂಕ್ಯಾಶ್ ಇದೆ, ಡಬಲ್ ಎಂಟ್ರಿ ಪದ್ಧತಿಯೇ ಅದರದೂ ಅಂದೆ. “ಮಾಲಕರು ಕೇಳೂದು ಟ್ಯಾಲಿ. ನನ್ನ ಹೊಟ್ಟಿ ನಡಿಯೂದು ಅದರ ಮ್ಯಾಲ” ಅಂದ. ಅವನ ಲ್ಯಾಪ್‌ಟಾಪು ವಿಂಡೋಸ್ 11 ಒಪ್ಪುವಂಥದೂ ಆಗಿತ್ತು. ಪೆನ್‌ಡ್ರೈವ್ ಕಿತ್ತು ಕಿಸೆಗೆ ಹಾಕಿಕೊಂಡೆ.

ಆದ್ದರಿಂದ ವಾಚಕ ಮಿತ್ರರು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ನನ್ನ ಕೆಲಸದ ತಂತ್ರಾಂಶ ಅದರಲ್ಲಿ ನಡೆಯುತ್ತದೆಯೇ? ಬೆಂಬಲ ಎಷ್ಟು ವರ್ಷ? ಕೆಟ್ಟರೆ ಸರಿಮಾಡಲು ನನಗೆ ಬರುತ್ತದೆಯೇ, ಇಲ್ಲವೆ ಹತ್ತಿರ ಯಾರಾದರೂ ಇದ್ದಾರೆಯೇ? ಉತ್ತರ ಸಿಕ್ಕ ಮೇಲೂ ಮೊದಲು ಕಡತಗಳ ನಕಲು ಬೇರೆ ಕಡೆ ಇಡಿ, ಪೆನ್‌ಡ್ರೈವ್‌ನಲ್ಲಿ ವಾರ ನಡೆಸಿ ನೋಡಿ. ಚೆಂದವನ್ನು ಕಡೆಗೆ ನೋಡಿದರಾಯಿತು.